ಎಡಗಿವಿಗೆ ಒಂದು ತಂಡ, ಬಲಗಿವಿಗೆ ಇನ್ನೊಂದು

ಶುರು ಮಾಡೋ ಮೊದಲು ಒಂದು ಸಣ್ಣ ಕೆಲಸ. ನಿಮ್ಮ ಇಯರ್‌ಫೋನ್ ತೆಗೆದು ನೋಡಿ, ‘ಎಲ್’ ಅಂತ ಇರೋದು ಎಡಗಿವಿಯಲ್ಲಿ, ‘ಆರ್’ ಅಂತ ಇರೋದು ಬಲಗಿವಿಯಲ್ಲಿ ಇದೆಯಾ ಅಂತ. ನಾವು ಯಾರೂ ಇದನ್ನ ನೋಡಲ್ಲ. ಯಾವುದು ಕೈಗೆ ಸಿಕ್ಕಿತೋ ಅದನ್ನ ತುರುಕಿಕೊಳ್ತೀವಿ. ಇವತ್ತು ನಾನು ಹೇಳೋ ಒಂದು ಆಲ್ಬಮ್ ಕೇಳುವಾಗ ಮಾತ್ರ ಎಡಬಲ ಸರಿ ಇರಬೇಕು.

ಕಳೆದ ಕಂತಿನ ಕೊನೆಯಲ್ಲಿ ‘ಮುಂದಿನ ಸಲ ಫ್ರೀ ಜಾಝ್’ ಅಂದಿದ್ದೆ. ಒಬ್ಬರು ಮೆಸೇಜ್ ಹಾಕಿದ್ರು, ‘ಅಕ್ಕಾ, ಪಾಸ್ ಎಲ್ಲಿ ಸಿಗುತ್ತೆ?’ ಅಂತ. ಆ ಫ್ರೀ ಅಲ್ಲ ಮಾರಾಯ್ರೆ. ಇದು ಬಿಡುಗಡೆಯ ಫ್ರೀ. ಯಾವುದರಿಂದ ಬಿಡುಗಡೆ ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ಸಾಮಾನ್ಯ ಜಾಝ್‌ನಲ್ಲಿ ಒಂದು ಹಾಡಿರುತ್ತೆ, ಆ ಹಾಡಿಗೆ ಇಂತಿಷ್ಟು ಉದ್ದದ ಒಂದು ಸ್ವರಮೇಳದ ಸುತ್ತು ಇರುತ್ತೆ. ಮೊದಲು ಎಲ್ಲರೂ ಹಾಡು ನುಡಿಸ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಅದೇ ಸುತ್ತಿನ ಮೇಲೆ ತಮ್ಮ ಮನಸ್ಸಿಗೆ ಬಂದದ್ದನ್ನ ನುಡಿಸ್ತಾರೆ, ಕೊನೆಗೆ ಮತ್ತೆ ಹಾಡಿಗೆ ಬರ್ತಾರೆ. 1950ರ ದಶಕದ ಕೊನೆಗೆ ಅಮೆರಿಕದ ಕೆಲವು ಕಪ್ಪು ಸಂಗೀತಗಾರರು ಆ ಸುತ್ತನ್ನೇ ಬಿಟ್ಟರು. ಇನ್ನೂ ಕೆಲವು ವರ್ಷ ಕಳೆದ ಮೇಲೆ ಲಂಡನ್ನಿನಲ್ಲಿ, ಜರ್ಮನಿಯಲ್ಲಿ ಹಾಡನ್ನೂ ಬಿಟ್ಟರು, ತಾಳವನ್ನೂ ಬಿಟ್ಟರು. ವೇದಿಕೆಗೆ ಬರೋದು, ಏನೂ ಮಾತಾಡಿಕೊಳ್ಳದೆ ಶುರು ಮಾಡೋದು.

ಕೇಳೋಕೆ ಹೇಗಿರುತ್ತೆ? ಮೊದಲ ಸಲ ಕೇಳಿದಾಗ ನನಗೆ ಫೋನ್ ಕೆಟ್ಟಿದೆ ಅನ್ನಿಸಿತ್ತು.

ಆಗ ನಾನು ಬೆಂಗಳೂರಿನ ಒಂದು ಆಡಿಟ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡ್ತಿದ್ದೆ. ಬಿಕಾಂ ಮುಗಿಸಿ ಸಿಎ ಮಾಡ್ತೀನಿ ಅಂತ ಪುತ್ತೂರಿನಿಂದ ಬಂದವಳು. ಇಂಟರ್ ಎರಡು ಸಲ ಬರೆದೆ, ಎರಡು ಸಲವೂ ಹೋಯ್ತು. ಆ ಕಥೆ ಈ ಪಾಡ್‌ಕಾಸ್ಟಿನ ಹಳೇ ಕೇಳುಗರಿಗೆ ಗೊತ್ತು, ಬೇರೆಯವರಿಗೆ ಬೇಕಾಗಿಲ್ಲ. ಮಾರ್ಚ್ ತಿಂಗಳು, ರಾತ್ರಿ ಹತ್ತೂವರೆ, ವೋಚರ್ ಟಿಕ್ ಮಾಡ್ತಾ ಕೂತಿದ್ದೆ. ಕಿವಿಯಲ್ಲಿ ಯಾವುದೋ ಮೆಲು ಜಾಝ್ ಪ್ಲೇಲಿಸ್ಟ್. ಅದು ಮುಗಿದು ಆ್ಯಪ್ ತನ್ನಷ್ಟಕ್ಕೆ ಬೇರೇನೋ ಹಾಕಿತು. ಎರಡು ಹಾಡು ಒಟ್ಟಿಗೆ ಓಡ್ತಿದೆ ಅಂತ ಅಂದುಕೊಂಡೆ. ಹಿಂದೆ ಯಾವುದೋ ವಿಡಿಯೋ ತೆರೆದಿರಬೇಕು ಅಂತ ಎಲ್ಲಾ ಮುಚ್ಚಿದೆ. ಆದ್ರೂ ಎರಡು. ಆಮೇಲೆ ಹೆಸರು ನೋಡಿದೆ. ಆರ್ನೆಟ್ ಕೋಲ್ಮನ್, ‘ಫ್ರೀ ಜಾಝ್’. 37 ನಿಮಿಷದ ಒಂದೇ ತುಂಡು. ಮೂರು ನಿಮಿಷ ಕೇಳಿ ಆಫ್ ಮಾಡಿದೆ. ಆದ್ರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಮತ್ತೆ ಹಾಕಿದೆ. ಯಾಕೆ ಹಾಕಿದೆ ಅಂತ ಈಗಲೂ ಹೇಳೋಕೆ ಬರಲ್ಲ. ಹುಳಿ ಮಾವಿನಕಾಯಿ ತಿಂದು ಮುಖ ಹಿಂಡಿದ ಮೇಲೂ ಇನ್ನೊಂದು ಹೋಳಿಗೆ ಕೈ ಹಾಕ್ತೀವಲ್ಲ, ಹಾಗೆ.

ಸ್ಯಾಕ್ಸೋಫೋನ್ ನನಗೆ ಹೊಸದೇನೂ ಅಲ್ಲ. ನಮ್ಮ ಕಡೆ ಅದು ಅಮೆರಿಕದ ವಾದ್ಯ ಅಂತ ಯಾರೂ ಅಂದುಕೊಳ್ಳಲ್ಲ. ದೇವಸ್ಥಾನದ ಜಾತ್ರೆಗೆ ಸ್ಯಾಕ್ಸೋಫೋನ್, ಮದುವೆಯಲ್ಲಿ ಧಾರೆಗೆ ಸ್ಯಾಕ್ಸೋಫೋನ್. ಇದಕ್ಕೆಲ್ಲ ಕಾರಣ ಬಂಟ್ವಾಳದ ಕಡೆ ಹುಟ್ಟಿದ ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ನೋಡಿ ಮನಸೋತು, ವರ್ಷಗಟ್ಟಲೆ ಕೂತು ಅದರಲ್ಲಿ ಗಮಕ ಹೊರಡಿಸಿದವರು. 2019ರಲ್ಲಿ ತೀರಿಕೊಂಡರು. ಹಾಗಾಗಿ ನನಗೆ ಸ್ಯಾಕ್ಸೋಫೋನ್ ಅಂದ್ರೆ ಊಟದ ಪಂಕ್ತಿಗೆ ಕಾಯುವ ಹೊತ್ತಿನ ಸದ್ದು. ಕೋಲ್ಮನ್ ಕೈಯಲ್ಲಿ ಅದೇ ವಾದ್ಯ ಅಳೋದು, ನಗೋದು, ತೊದಲೋದು ಕೇಳಿದಾಗ ಪರಿಚಯದವರೊಬ್ಬರನ್ನ ಗೊತ್ತಿಲ್ಲದ ಊರಲ್ಲಿ ಕಂಡ ಹಾಗಾಯ್ತು.

ಕೋಲ್ಮನ್ ಹುಟ್ಟಿದ್ದು 1930ರಲ್ಲಿ, ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ. ಹುಡುಗನಾಗಿದ್ದಾಗ ಊರೂರು ತಿರುಗೋ ತಂಡಗಳಲ್ಲಿ ನುಡಿಸ್ತಿದ್ದ. ಬ್ಯಾಟನ್ ರೂಜ್ ಅನ್ನೋ ಊರಲ್ಲಿ ಒಂದು ರಾತ್ರಿ ಜನ ಈತನನ್ನ ಹೊರಗೆ ಎಳೆದು ಹೊಡೆದು ಸ್ಯಾಕ್ಸೋಫೋನ್ ಪುಡಿ ಮಾಡಿದರು. ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಹಿತ್ತಾಳೆಯದ್ದು ಕೊಳ್ಳೋಕೆ ದುಡ್ಡಿಲ್ಲದೆ ಒಂದು ಬಿಳಿ ಪ್ಲಾಸ್ಟಿಕ್ ಸ್ಯಾಕ್ಸೋಫೋನ್ ಕೊಂಡ. ತಮಾಷೆ ಅಲ್ಲ, ನಿಜವಾಗಿ ಪ್ಲಾಸ್ಟಿಕ್. 1959ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಅನ್ನೋ ಕ್ಲಬ್ಬಿಗೆ ಅದನ್ನೇ ಹಿಡಿದು ಬಂದಾಗ ಊರೇ ಎರಡು ಪಾಲಾಯ್ತು. ಲಿಯನಾರ್ಡ್ ಬರ್ನ್‌ಸ್ಟೀನ್ ಅಂಥ ಆರ್ಕೆಸ್ಟ್ರಾ ನಿರ್ದೇಶಕರು ಮೆಚ್ಚಿದರು. ಮೈಲ್ಸ್ ಡೇವಿಸ್ ಅಂಥವರು ಈತನ ತಲೆ ಕೆಟ್ಟಿದೆ ಅನ್ನೋ ಅರ್ಥದಲ್ಲಿ ಮಾತಾಡಿದರು.

ಇನ್ನು ಆ ಆಲ್ಬಮ್. 1960ರ ಡಿಸೆಂಬರ್ 21. ಸ್ಟುಡಿಯೋದಲ್ಲಿ ಎಂಟು ಜನ, ನಾಲ್ಕು ನಾಲ್ಕರ ಎರಡು ತಂಡ. ಸ್ಟೀರಿಯೋ ಅನ್ನೋದು ಮನೆಗಳಿಗೆ ಬಂದು ಇನ್ನೂ ಕೆಲವೇ ವರ್ಷ ಆಗಿತ್ತು. ಅದನ್ನ ಇವರು ಹೀಗೆ ಬಳಸಿಕೊಂಡರು: ಒಂದು ತಂಡ ಪೂರ್ತಿ ಎಡಗಡೆ, ಇನ್ನೊಂದು ತಂಡ ಪೂರ್ತಿ ಬಲಗಡೆ. ಎಡಗಿವಿಯಲ್ಲಿ ಕೋಲ್ಮನ್, ಪುಟ್ಟ ಟ್ರಂಪೆಟ್ ಹಿಡಿದ ಡಾನ್ ಚೆರಿ, ಬಾಸ್‌ಗೆ ಸ್ಕಾಟ್ ಲಫಾರೊ, ಡ್ರಮ್ಸಿಗೆ ಬಿಲ್ಲಿ ಹಿಗ್ಗಿನ್ಸ್. ಬಲಗಿವಿಯಲ್ಲಿ ಬಾಸ್ ಕ್ಲಾರಿನೆಟ್ ಊದುವ ಎರಿಕ್ ಡಾಲ್ಫಿ, ಟ್ರಂಪೆಟ್‌ಗೆ ಫ್ರೆಡ್ಡಿ ಹಬರ್ಡ್, ಬಾಸ್‌ಗೆ ಚಾರ್ಲಿ ಹೇಡನ್, ಡ್ರಮ್ಸಿಗೆ ಎಡ್ ಬ್ಲ್ಯಾಕ್‌ವೆಲ್. ಡಾಲ್ಫಿ ಅದೇ ದಿನ ಇನ್ನೊಂದು ಸ್ಟುಡಿಯೋದಲ್ಲಿ ತನ್ನದೇ ಆದ ‘ಫಾರ್ ಕ್ರೈ’ ಆಲ್ಬಮ್ಮನ್ನೂ ನುಡಿಸಿದ. ಒಂದೇ ದಿನ ಎರಡು ಆಲ್ಬಮ್! ನನಗೆ ಒಂದೇ ದಿನ ಎರಡು ಕಂತು ರೆಕಾರ್ಡ್ ಮಾಡೋಕೆ ಗಂಟಲು ಬರಲ್ಲ.

ನನ್ನ ಫೋನಿಗೆ ಏನೂ ಆಗಿರಲಿಲ್ಲ. ನಿಜವಾಗಿ ಎರಡು ತಂಡ ಓಡ್ತಿದ್ವು.

ಆಲ್ಬಮ್ ಬಂದ ಮೇಲೆ ‘ಡೌನ್‌ಬೀಟ್’ ಪತ್ರಿಕೆ 1962ರ ಜನವರಿಯಲ್ಲಿ ಒಂದೇ ಸಂಚಿಕೆಯಲ್ಲಿ ಎರಡು ವಿಮರ್ಶೆ ಹಾಕಿತು. ಒಬ್ಬ ವಿಮರ್ಶಕ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದ. ಇನ್ನೊಬ್ಬ ಸೊನ್ನೆ. ಇಬ್ಬರೂ ಸಂಗೀತ ಗೊತ್ತಿದ್ದವರೇ. ನಿಮಗೆ ಇದು ಇಷ್ಟ ಆಗಲಿಲ್ಲ ಅಂದ್ರೆ ದಡ್ಡರು ಅಂತ ಯಾರೂ ಅಂದುಕೊಳ್ಳಬೇಡಿ ಅನ್ನೋಕೆ ಇದನ್ನ ಹೇಳಿದೆ. ಈ ಸಂಗೀತ ಕೇಳೋರಲ್ಲಿ ಒಂದು ರೋಗ ಇದೆ, ‘ನಿಮಗೆ ಅರ್ಥ ಆಗಲ್ಲ ಬಿಡಿ’ ಅನ್ನೋದು. ನನಗೂ ಒಂದು ವರ್ಷ ಇತ್ತು. ಆ ಟೀ ಶರ್ಟ್ ಕೂಡ ಇತ್ತು.

ಆ ರೋಗ ಬಿಡಿಸಿದ್ದು ನನ್ನ ಅಜ್ಜ.

ಅಜ್ಜನ ಬಗ್ಗೆ ಹೇಳಬೇಕಾದ್ರೆ ತಾಳಮದ್ದಳೆ ಬಗ್ಗೆ ಹೇಳಬೇಕು. ಕರಾವಳಿ, ಮಲೆನಾಡಿನವರು ಎರಡು ನಿಮಿಷ ಕ್ಷಮಿಸಿ, ಬೇರೆ ಊರಿನವರಿಗೆ ಹೇಳ್ತೀನಿ. ಯಕ್ಷಗಾನದಿಂದ ವೇಷ ತೆಗೀರಿ, ಕುಣಿತ ತೆಗೀರಿ. ಉಳಿದದ್ದು ತಾಳಮದ್ದಳೆ. ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಭಾಗವತರು ಪ್ರಸಂಗದ ಒಂದು ಪದ ಹಾಡ್ತಾರೆ. ಆ ಪದವನ್ನ ಹಿಡಿದು ಅರ್ಥಧಾರಿ ಮಾತಾಡ್ತಾರೆ. ಪದ ಬರೆದಿಟ್ಟದ್ದು. ಮಾತು ಬರೆದಿಟ್ಟದ್ದಲ್ಲ. ವಾಲಿ ಏನು ಕೇಳ್ತಾನೋ ರಾಮನಿಗೆ ಮೊದಲೇ ಗೊತ್ತಿಲ್ಲ. ಎದುರಿನವರು ಎತ್ತಿದ ಪ್ರಶ್ನೆಗೆ ಅಲ್ಲೇ, ಆ ಕ್ಷಣವೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಕ್ಯಾಸೆಟ್ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರ್ತಿತ್ತು. ನಮ್ಮಲ್ಲಿ ಅದನ್ನ ಕೇಳಿ ಕೇಳಿ ಟೇಪೇ ಸವೆದಿತ್ತು.

ಅಜ್ಜ ಅಷ್ಟು ದೊಡ್ಡವರಲ್ಲ. ಊರಿನ ಸಂಘದಲ್ಲಿ ವಾರಕ್ಕೊಮ್ಮೆ ಕೂರ್ತಿದ್ರು. ಹೆಚ್ಚಾಗಿ ಸುಗ್ರೀವ, ವಿಭೀಷಣ ಹೀಗೆ ಎರಡನೇ ಪಾತ್ರ. ಅಡಿಕೆ ಸುಲಿಯುವಾಗ ತನ್ನಷ್ಟಕ್ಕೆ ವಾದ ಮಾಡ್ತಿದ್ರು. ನಾನು ಪಾಡ್‌ಕಾಸ್ಟ್ ಶುರು ಮಾಡಿದ ಮೇಲೆ ಮೈಕ್ ತಂದು ಎದುರಿಟ್ಟೆ. ‘ಅಜ್ಜ, ಒಂದು ಹತ್ತು ನಿಮಿಷ ಅರ್ಥ ಹೇಳಿ, ರೆಕಾರ್ಡ್ ಮಾಡ್ತೇನೆ.’ ಒಪ್ಪಲಿಲ್ಲ. ‘ಎದುರು ಯಾರೂ ಇಲ್ಲದೆ ಎಂತ ಅರ್ಥ ಹೇಳುದು ಮಗಾ? ಗೋಡೆಗಾ?’ ಅಂದ್ರು. ನಾನೇ ಎದುರು ಕೂರ್ತೇನೆ ಅಂದೆ. ನಕ್ಕರು. ಆ ನಗು ನ್ಯಾಯವಾದದ್ದೇ. ನನಗೆ ಪ್ರಸಂಗದ ಒಂದು ಪದವೂ ಬಾಯಿಗೆ ಬರಲ್ಲ.

ಆಮೇಲೊಂದು ಮಳೆಗಾಲ ಊರಿಗೆ ಹೋಗಿದ್ದೆ. ಮಧ್ಯಾಹ್ನ, ಜಗಲಿ, ಕರೆಂಟ್ ಇಲ್ಲ. ಅಜ್ಜನಿಗೆ ಈ ಗದ್ದಲ ಕೇಳಿಸಿ ಅವರ ಮುಖ ವಿಡಿಯೋ ಮಾಡಿ ರೀಲ್ ಹಾಕೋಣ ಅನ್ನೋ ಐಡಿಯಾ ಬಂತು. ಮುಚ್ಚಿಡೋದಿಲ್ಲ, ಉದ್ದೇಶ ಲೈಕ್ಸ್. ವಯರ್ ಇರೋ ಇಯರ್‌ಫೋನ್. ಒಂದು ಅವರ ಬಲಗಿವಿಗೆ, ಒಂದು ನನ್ನ ಎಡಗಿವಿಗೆ. ‘ಫ್ರೀ ಜಾಝ್’ ಹಾಕಿದೆ. ಮೊದಲಿಗೆ ಎಲ್ಲರೂ ಒಟ್ಟಿಗೆ ಒಂದು ಕೂಗು ಹಾಕ್ತಾರೆ, ಅಜ್ಜ ಬೆಚ್ಚಿದ್ರು, ನಾನು ನಕ್ಕೆ. ಆಮೇಲೆ ಡಾಲ್ಫಿ ಶುರು ಮಾಡ್ತಾನೆ. ಅಜ್ಜ ಇಯರ್‌ಫೋನ್ ಕಿತ್ತು ಹಾಕ್ತಾರೆ ಅಂತ ಕಾದೆ. ಹಾಕಲಿಲ್ಲ. ಕಣ್ಣು ಮುಚ್ಚಿದ್ರು. ಸ್ವಲ್ಪ ಹೊತ್ತಿಗೆ ಕೇಳಿದ್ರು, ‘ಪ್ರಸಂಗ ಯಾವುದು?’

‘ಪ್ರಸಂಗ ಇಲ್ಲ ಅಜ್ಜ. ಹಾಗೇ ನುಡಿಸುದು.’

‘ಪ್ರಸಂಗ ಇಲ್ಲದೆ ಹೇಗೆ ಮಾರಾಯ್ತಿ, ಇವ ಯಾರಿಗೋ ಜವಾಬು ಕೊಡ್ತಾ ಇದ್ದಾನಲ್ಲ.’ ಮತ್ತೆ ಸ್ವಲ್ಪ ಕೇಳಿ, ‘ಇವನ ಎದುರಿನವ ಎಲ್ಲಿ?’

ಎದುರಿನವ ನನ್ನ ಕಿವಿಯಲ್ಲಿದ್ದ. ಡಾಲ್ಫಿ ಊದುತ್ತಿರುವಾಗ ಕೋಲ್ಮನ್, ಚೆರಿ ನಡುನಡುವೆ ಒಂದು ಮಾತು ಎಸೀತಿದ್ದದ್ದು ಎಡಗಡೆಯಿಂದ. ಅಜ್ಜನಿಗೆ ಬರ್ತಿದ್ದದ್ದು ಬರೀ ಬಲಗಡೆಯ ತಂಡ. ನಾವಿಬ್ಬರೂ ಒಂದೇ ಸಂಗೀತ ಕೇಳ್ತಿದ್ದೀವಿ ಅಂದುಕೊಂಡಿದ್ದೆ. ಒಂದು ವಾದದ ಅರ್ಧ ಅವರು, ಅರ್ಧ ನಾನು ಕೇಳ್ತಿದ್ವಿ. ಎರಡೂ ಅವರ ಕಿವಿಗೇ ಹಾಕಿದೆ. ‘ಹಾಂ, ಈಗ ಸರಿ’ ಅಂದ್ರು. ಪೂರ್ತಿ ಕೇಳಿದ್ರು ಅಂತ ಸುಳ್ಳು ಹೇಳಲ್ಲ. ಹನ್ನೆರಡು ನಿಮಿಷ ಆಗುವಾಗ ಕಾಫಿ ಬಂತು, ಎದ್ದು ಹೋದ್ರು.

ಆದ್ರೆ ನನಗೆ ಕೇಳೋ ದಾರಿ ಸಿಕ್ಕಿತ್ತು. ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಮತ್ತೆ ಹಾಕಿದೆ, ಈ ಸಲ ತಾಳಮದ್ದಳೆ ಅಂದುಕೊಂಡು. ನಂಬಿ, ಕಟ್ಟಡವೇ ಕಾಣಿಸ್ತು. ಆ 37 ನಿಮಿಷದಲ್ಲಿ ಮಧ್ಯೆ ಮಧ್ಯೆ ಎಲ್ಲರೂ ಸೇರಿ ನುಡಿಸುವ ಸಣ್ಣ ತುಂಡುಗಳಿವೆ. ಅವು ಮೊದಲೇ ಗೊತ್ತು ಮಾಡಿಕೊಂಡವು. ಅದು ಭಾಗವತರ ಪದ. ಅದಾದ ಮೇಲೆ ಒಬ್ಬನ ಸರದಿ, ಅದು ಅರ್ಥ. ಅವನು ಮಾತಾಡುವಾಗ ಉಳಿದವರು ಹೂಂಗುಡ್ತಾರೆ, ಕೆಣಕ್ತಾರೆ, ಒಮ್ಮೊಮ್ಮೆ ಮೂರು ಜನ ಒಟ್ಟಿಗೆ ಬಾಯಿ ಹಾಕ್ತಾರೆ. ಮತ್ತೆ ಪದ, ಮುಂದಿನವನ ಸರದಿ. ಡಾಲ್ಫಿ, ಹಬರ್ಡ್, ಆಮೇಲೆ ಕೋಲ್ಮನ್ ಹತ್ತು ನಿಮಿಷದಷ್ಟು, ಚೆರಿ, ಇಬ್ಬರು ಬಾಸಿನವರು, ಕೊನೆಗೆ ಇಬ್ಬರು ಡ್ರಮ್ಸಿನವರು. ಇಷ್ಟೂ ಹೊತ್ತು ಕೆಳಗಡೆ ಎರಡು ಡ್ರಮ್ಸ್ ನಿಲ್ಲದೆ ಓಡ್ತಿರುತ್ತೆ. ಗದ್ದಲ ಅಂದುಕೊಂಡದ್ದು ಸಭೆ ಆಗಿತ್ತು.

ಇಲ್ಲಿ ಒಂದು ಎಚ್ಚರಿಕೆ. ‘ನಮ್ಮಲ್ಲೂ ಇದೆಲ್ಲ ಮೊದಲಿಂದ ಇತ್ತು, ನಮ್ಮ ಆಲಾಪನೆಯೇ ಫ್ರೀ ಜಾಝ್’ ಅಂತ ಹೇಳೋರಿದ್ದಾರೆ. ನಾನು ಒಪ್ಪಲ್ಲ. ಆಲಾಪನೆಗೆ ರಾಗದ ಬೇಲಿ ಇದೆ. ಬೇಲಿ ಎಲ್ಲಿದೆ ಅಂತ ಹಾಡೋರಿಗೂ ಗೊತ್ತು, ಮುಂದಿನ ಸಾಲಲ್ಲಿ ಕೂತ ಮಾವನಿಗೂ ಗೊತ್ತು. ದಾಟಿದ್ರೆ ಮಾವ ತಲೆ ಅಲ್ಲಾಡಿಸೋದು ನಿಲ್ಲಿಸ್ತಾರೆ. ತಾಳಮದ್ದಳೆಯಲ್ಲೂ ರಾಮ ಕೊನೆಗೆ ರಾಮನೇ, ವಾಲಿ ಸಾಯಲೇಬೇಕು. ಫ್ರೀ ಇಂಪ್ರೊವೈಸೇಶನ್‌ನಲ್ಲಿ ವಾಲಿ ಬದುಕಿದ್ರೂ ಬದುಕಿದ. ಅದರ ರುಚಿ ಇರೋದೇ ಆ ಹೆದರಿಕೆಯಲ್ಲಿ. ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೇಲಿ ಇಂಪ್ರೊವೈಸೇಶನ್ ಬಗ್ಗೆ 1980ರಲ್ಲಿ ಬರೆದ ಪುಸ್ತಕ ಭಾರತೀಯ ಸಂಗೀತದಿಂದಲೇ ಶುರುವಾಗುತ್ತೆ. ಗೌರವದಿಂದಲೇ ಬರೀತಾನೆ, ಆದ್ರೆ ತನ್ನದು ಬೇರೆ ಅಂತ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಸರಿ, ಇಷ್ಟು ಹೊತ್ತು ರೆಕಾರ್ಡಿನ ಮಾತಾಯ್ತು. ಎದುರು ಕೂತು ಕೇಳೋದು ಪೂರ್ತಿ ಬೇರೆ ವ್ಯವಹಾರ.

ನಾನು ನೋಡಿದ ಮೊದಲ ಲೈವ್ ಶೋ ಬೆಂಗಳೂರಿನಲ್ಲೇ. ಒಂದು ಕಾಫಿ ಶಾಪಿನ ಮೇಲಿನ ಮಹಡಿ. ಒಬ್ಬ ಸ್ಯಾಕ್ಸೋಫೋನ್, ಒಬ್ಬಳು ಡ್ರಮ್ಸ್. ಟಿಕೆಟ್ 400 ರೂಪಾಯಿ. ತಲೆ ಎಣಿಸಿದೆ, 19 ಜನ. ಅಂದ್ರೆ 7,600. ಜಾಗದ ಪಾಲು, ಸೌಂಡ್, ಡ್ರಮ್ಸ್ ತಂದ ಗೂಡ್ಸ್ ಆಟೋ, ಎಲ್ಲ ಕಳೆದ್ರೆ ಇಬ್ಬರ ಕೈಗೆ ಏನು ಬರುತ್ತೆ ಅಂತ ಮನಸ್ಸಲ್ಲೇ ಪಟ್ಟಿ ಹಾಕಿದೆ. ಬಿಕಾಂ ಬುದ್ಧಿ. ಮೊದಲ ಹತ್ತು ನಿಮಿಷ ಆ ಲೆಕ್ಕದಲ್ಲೇ ಹೋಯ್ತು, ಯಾಕಂದ್ರೆ ವೇದಿಕೆಯಲ್ಲಿ ಏನೂ ಆಗ್ತಿರಲಿಲ್ಲ. ಅವನು ಸ್ವರ ಬಿಡದೆ ಬರೀ ಗಾಳಿ ಊದ್ತಿದ್ದ. ಅವಳು ಸಿಂಬಲ್ಲನ್ನ ಬಟ್ಟೆಯಲ್ಲಿ ಒರೆಸ್ತಿದ್ದಳು. ನನ್ನ ಪಕ್ಕದ ಹುಡುಗ ಫೋನ್ ತೆಗೆದ. ನಾನೂ ತೆಗೆದೆ.

ಆ ಕೋಣೆಯ ಮೂಲೆಯಲ್ಲಿ ಕೂಲ್‌ಡ್ರಿಂಕ್ಸ್ ಇಡೋ ಗಾಜಿನ ಬಾಗಿಲಿನ ಫ್ರಿಜ್ ಇತ್ತು. ಅದರ ಕಂಪ್ರೆಸರ್ ಗುಂಯ್ ಅಂತಿತ್ತು. ನಾನು ಎಡಿಟಿಂಗ್ ಮಾಡೋಳು, ಇಂಥ ಸದ್ದು ನನಗೆ ಶತ್ರು, ಮೊದಲೇ ಕಿವಿಗೆ ಬಿದ್ದಿತ್ತು. ಸ್ವಲ್ಪ ಹೊತ್ತಾದ ಮೇಲೆ ಆ ಗುಂಯ್ ದಪ್ಪ ಆದ ಹಾಗನ್ನಿಸ್ತು. ನೋಡಿದ್ರೆ ಸ್ಯಾಕ್ಸೋಫೋನಿನವ ಫ್ರಿಜ್ಜಿನ ಶ್ರುತಿಯನ್ನೇ ಹಿಡಿದಿದ್ದ. ಫ್ರಿಜ್ಜೇ ತಂಬೂರಿ! ಅದೇ ಸ್ವರದ ಮೇಲೆ ಒಂದು ಕೂದಲೆಳೆ ಮೇಲೆ ಕೆಳಗೆ ಹೋಗ್ತಾ, ಗಾಳಿಯಲ್ಲಿ ಅಲೆ ಎಬ್ಬಿಸ್ತಿದ್ದ. ಡ್ರಮ್ಸಿನವಳು ನಿಧಾನ ಅದಕ್ಕೆ ಸೇರಿಕೊಂಡಳು. ಸದ್ದು ಏರ್ತಾ ಹೋಯ್ತು, ಕಿಟಕಿ ಗಾಜು ನಡುಗೋವರೆಗೆ. ಆಗ ಫ್ರಿಜ್ ಟಪ್ ಅಂತ ಆಫ್ ಆಯ್ತು. ತನ್ನಷ್ಟಕ್ಕೆ. ಇಬ್ಬರೂ ಅದೇ ಕ್ಷಣ ನಿಲ್ಲಿಸಿದ್ರು.

ಏನು ನಿಶ್ಶಬ್ದ ಅದು! ಮೂರು ನಾಲ್ಕು ಸೆಕೆಂಡ್ ಯಾರೂ ಉಸಿರಾಡಲಿಲ್ಲ. ಆಮೇಲೆ ಹತ್ತೊಂಬತ್ತೂ ಜನ ನಕ್ಕೆವು, ನುಡಿಸ್ತಿದ್ದವರೂ ನಕ್ಕರು.

ಅಷ್ಟನ್ನೂ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಮನೆಗೆ ಬಂದು ಹಾಕಿದೆ. ಒಂದು ಗುಂಯ್, ಒಂದು ಪೀಂಯ್, ಟಪ್, ಮೌನ, ನಗು. ಯಾಕೆ ನಗ್ತಿದ್ದಾರೆ ಅಂತ ರೂಮ್‌ಮೇಟ್ ಕೇಳಿದಳು. ವಿವರಿಸಿದೆ. ‘ಓ’ ಅಂದಳು.

ಕಾರ್ನೇಲಿಯಸ್ ಕಾರ್ಡ್ಯೂ ಅಂತ ಒಬ್ಬ ಇಂಗ್ಲಿಷ್ ಸಂಯೋಜಕ ಇದ್ದ. 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎಎಂಎಂ ಅನ್ನೋ ಗುಂಪಿನಲ್ಲಿ ನುಡಿಸ್ತಿದ್ದ. ಅದರ ಗಿಟಾರಿನವ ಕೀತ್ ರೋ ಗಿಟಾರನ್ನ ಮೇಜಿನ ಮೇಲೆ ಮಲಗಿಸಿ ನುಡಿಸ್ತಿದ್ದ, ನಡುವೆ ರೇಡಿಯೋ ಹಾಕ್ತಿದ್ದ, ಆ ಹೊತ್ತಿಗೆ ಸ್ಟೇಷನ್ನಿನಲ್ಲಿ ಏನು ಬರುತ್ತೋ ಅದೂ ಸಂಗೀತದ ಭಾಗ. ಇಂಥ ನುಡಿಸಾಣಿಕೆಯ ಟೇಪ್ ಕೇಳೋದು ವಿಚಿತ್ರ ಅಂತ ಕಾರ್ಡ್ಯೂ ಬರೆದಿದ್ದಾನೆ. ಸದ್ದು ಅದೇ, ಆದ್ರೆ ಅದು ಹುಟ್ಟಿದ ಜಾಗದಿಂದ ಕಿತ್ತು ತಂದದ್ದು ಅನ್ನೋದು ಅವನ ಮಾತಿನ ಸಾರ. ಫ್ರಿಜ್ ಇಲ್ಲದ ಫ್ರಿಜ್ ಸಂಗೀತ. ಆದ್ರೆ ಮಜಾ ನೋಡಿ, ಇದೇ ಜನ ರೆಕಾರ್ಡ್ ಮಾಡದೇ ಬಿಡಲಿಲ್ಲ. ಡೆರೆಕ್ ಬೇಲಿ, ಇವಾನ್ ಪಾರ್ಕರ್, ಟೋನಿ ಆಕ್ಸ್‌ಲಿ ಸೇರಿ 1970ರಲ್ಲಿ ಇಂಕಸ್ ಅಂತ ಸ್ವಂತ ಕಂಪನಿಯನ್ನೇ ಮಾಡಿದ್ರು. ಅದು ಇಲ್ಲದಿದ್ರೆ ಪುತ್ತೂರಿನ ಹುಡುಗಿಗೆ ಇವರ ಹೆಸರೂ ಗೊತ್ತಾಗ್ತಿರಲಿಲ್ಲ.

ದುಡ್ಡಿನ ವಿಷಯ ಬಂತಲ್ಲ, ನನಗೆ ಇಷ್ಟವಾದ ಭಾಗ. ಈ ಸಂಗೀತಕ್ಕೆ ಯಾವತ್ತೂ ಮಾರುಕಟ್ಟೆ ಇರಲಿಲ್ಲ, ಹಾಗಾಗಿ ಇವರು ಮಾರುಕಟ್ಟೆಯನ್ನೇ ಕಟ್ಟಿಕೊಳ್ಳಬೇಕಾಯ್ತು. 1962ರ ಡಿಸೆಂಬರಿನಲ್ಲಿ ಕೋಲ್ಮನ್ ಸ್ವಂತ ಜವಾಬ್ದಾರಿಯಲ್ಲಿ ನ್ಯೂಯಾರ್ಕಿನ ಟೌನ್ ಹಾಲ್ ಹಿಡಿದು ಕಛೇರಿ ಮಾಡಿದ. ಆಮೇಲೆ ಸುಮಾರು ಎರಡು ವರ್ಷ ವೇದಿಕೆ ಹತ್ತಲೇ ಇಲ್ಲ. ಕ್ಲಬ್ಬಿನವರು ಕೊಡೋ ಸಂಭಾವನೆಗೆ ನುಡಿಸಲ್ಲ ಅಂತ. ಆ ಹೊತ್ತಲ್ಲಿ ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳದೆ ಟ್ರಂಪೆಟ್ಟು, ಪಿಟೀಲು ಕಲಿತ. 1964ರ ಅಕ್ಟೋಬರಿನಲ್ಲಿ ಬಿಲ್ ಡಿಕ್ಸನ್ ಅನ್ನೋ ಟ್ರಂಪೆಟ್ ವಾದಕ ನ್ಯೂಯಾರ್ಕಿನ ಸೆಲ್ಲರ್ ಕೆಫೆ ಅನ್ನೋ ಸಣ್ಣ ಜಾಗದಲ್ಲಿ ನಾಲ್ಕು ದಿನದ ಹಬ್ಬ ಮಾಡಿದ, ಕ್ಲಬ್ಬುಗಳು ಸೇರಿಸದ ಸಂಗೀತಗಾರರನ್ನೆಲ್ಲ ಕರೆದು. ಮುಂದಿನ ವರ್ಷ ಷಿಕಾಗೋದ ಕಪ್ಪು ಸಂಗೀತಗಾರರು ತಮ್ಮದೇ ಸಂಘ ಕಟ್ಟಿದ್ರು. ಎಎಸಿಎಂ ಅಂತ, ಈಗಲೂ ಇದೆ. ಕೋಲ್ಮನ್‌ಗೆ ಕೊನೆಗೆ 2007ರಲ್ಲಿ ಪುಲಿಟ್ಜರ್ ಬಂತು, ‘ಸೌಂಡ್ ಗ್ರಾಮರ್’ ಆಲ್ಬಮ್ಮಿಗೆ. ಅದು ಜರ್ಮನಿಯ ಒಂದು ಕಛೇರಿಯ ಲೈವ್ ರೆಕಾರ್ಡಿಂಗ್. 77ನೇ ವಯಸ್ಸಿಗೆ.

ಆ ಶೋ ಆದ ಮೇಲೆ ಇನ್ನೂ ಹತ್ತಿಪ್ಪತ್ತಕ್ಕೆ ಹೋಗಿದ್ದೀನಿ. ಅರ್ಧಕ್ಕರ್ಧ ಬೋರು. ಇದನ್ನ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಕೆಲವರು ಎದುರಿನವರ ಮಾತು ಕೇಳೋದೇ ಇಲ್ಲ, ತಮ್ಮದೇ ಪುರಾಣ. ಕೆಲವರು ಏನು ಮಾಡಬೇಕು ಅಂತ ಗೊತ್ತಾಗದೆ ಜೋರು ಮಾಡ್ತಾರೆ. ಒಂದು ಸಲ ಲ್ಯಾಪ್‌ಟಾಪ್ ಹಿಡಿದ ಒಬ್ಬ ಇಪ್ಪತ್ತು ನಿಮಿಷ ಒಂದೇ ಕಿರುಚಾಟ ಹೊರಡಿಸಿದ, ಆಮೇಲೆ ಮೂರು ದಿನ ನನ್ನ ಬಲಗಿವಿ ಗುಂಯ್ ಅಂತಿತ್ತು. ಅದಾದ ಮೇಲೆ ಕಿವಿಗೆ ಹಾಕೋ ಫೋಮ್ ಪ್ಲಗ್ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗ್ತೀನಿ. ನೀವೂ ಇಟ್ಟುಕೊಳ್ಳಿ. ಬೋರಾದ್ರೆ ಎದ್ದು ಬನ್ನಿ, ತಪ್ಪಿಲ್ಲ. ಆದ್ರೆ ಹತ್ತು ನಿಮಿಷ ಕೊಡಿ. ನುಡಿಸೋರಿಗೇ ಅಷ್ಟು ಹೊತ್ತು ಬೇಕು, ಒಬ್ಬರನ್ನೊಬ್ಬರು ಕಂಡುಕೊಳ್ಳೋಕೆ.

ಮನೆಯಲ್ಲಿ ಕೇಳೋಕೆ ಎಲ್ಲಿಂದ ಶುರು ಮಾಡೋದು ಅಂತ ಕೇಳ್ತೀರಿ. ‘ಫ್ರೀ ಜಾಝ್’ನಿಂದ ಬೇಡ, ಎಂಟು ಜನ ಹೆಚ್ಚಾಯ್ತು. ಇಬ್ಬರಿಂದ ಶುರು ಮಾಡಿ. ಜಾನ್ ಕೋಲ್ಟ್ರೇನ್ ಸಾಯೋ ಐದು ತಿಂಗಳ ಮೊದಲು, 1967ರ ಫೆಬ್ರವರಿಯಲ್ಲಿ, ಡ್ರಮ್ಸಿನ ರಶೀದ್ ಅಲಿ ಜೊತೆ ನುಡಿಸಿದ ‘ಇಂಟರ್‌ಸ್ಟೆಲ್ಲರ್ ಸ್ಪೇಸ್’. ಒಂದು ಸ್ಯಾಕ್ಸೋಫೋನ್, ಒಂದು ಡ್ರಮ್ಸ್, ನಡುನಡುವೆ ಗೆಜ್ಜೆಯಂಥ ಗಂಟೆ ಸದ್ದು, ಬೇರೇನೂ ಇಲ್ಲ. ಯಾರು ಯಾರಿಗೆ ಉತ್ತರ ಕೊಡ್ತಿದ್ದಾರೆ ಅಂತ ಹಿಡಿಯೋದು ಸುಲಭ. ಆಮೇಲೆ ಆಲ್ಬರ್ಟ್ ಐಲರ್‌ನ 1964ರ ‘ಸ್ಪಿರಿಚುವಲ್ ಯೂನಿಟಿ’. ಮೂರು ಜನ, ಅರ್ಧ ಗಂಟೆಯೂ ಇಲ್ಲ. ಮಕ್ಕಳ ಹಾಡಿನಂಥ ಸರಳ ರಾಗದಿಂದ ಶುರುವಾಗಿ ಎಲ್ಲಿಗೋ ಹೋಗುತ್ತೆ. ಜರ್ಮನಿಯ ಪೀಟರ್ ಬ್ರೋಟ್ಜ್‌ಮನ್‌ನ 1968ರ ‘ಮೆಷಿನ್ ಗನ್’ ಅನ್ನೋದನ್ನ ಯಾರಾದ್ರೂ ನಿಮಗೆ ಮೊದಲು ಕಳಿಸಿದ್ರೆ ಅವರು ನಿಮ್ಮ ಸ್ನೇಹಿತರಲ್ಲ. ಅದು ಹೆಸರಿಗೆ ತಕ್ಕ ಹಾಗೇ ಇದೆ. ನನಗೆ ತುಂಬಾ ಇಷ್ಟ, ಆದ್ರೆ ಕೊನೆಗೆ ಕೇಳಿ, ವಾಲ್ಯೂಮ್ ಇಳಿಸಿ ಕೇಳಿ.

ಪಾತ್ರೆ ತೊಳೀತಾ ಕೇಳೋಕೆ ಆಗಲ್ಲ. ನನ್ನ ಪಾಡ್‌ಕಾಸ್ಟನ್ನ ಪಾತ್ರೆ ತೊಳೀತಾ ಕೇಳಿ, ಬೇಜಾರಿಲ್ಲ. ಇದನ್ನ ಮಾತ್ರ ಕೂತು ಕೇಳಬೇಕು, ಒಬ್ಬರನ್ನ ಆರಿಸಿಕೊಂಡು ಅವರ ಬೆನ್ನು ಹತ್ತಬೇಕು. ಬಾಸ್ ನುಡಿಸೋರನ್ನ ಆರಿಸಿಕೊಂಡ್ರೆ ಒಳ್ಳೇದು. ‘ಫ್ರೀ ಜಾಝ್’ನಲ್ಲಿ ನಾನೀಗ ಎಡಗಡೆಯ ಸ್ಕಾಟ್ ಲಫಾರೊನನ್ನೇ ಕೇಳೋದು. ಆ ರೆಕಾರ್ಡಿಂಗ್ ಆಗಿ ಏಳು ತಿಂಗಳೊಳಗೆ ಕಾರ್ ಅಪಘಾತದಲ್ಲಿ ಹೋದ. 25 ವರ್ಷ. ಈಗ ನನಗಿಂತ ಚಿಕ್ಕವನು.

ಬಲಗಡೆಯ ಡಾಲ್ಫಿ ಕೂಡ ಬಹಳ ದಿನ ಬದುಕಲಿಲ್ಲ. 1964ರ ಜೂನ್ 29ರಂದು ಬರ್ಲಿನ್ನಿನಲ್ಲಿ ತೀರಿಕೊಂಡ, ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗದೆ, 36ನೇ ವಯಸ್ಸಿಗೆ. ಅದೇ ತಿಂಗಳು ಹಾಲೆಂಡಿನಲ್ಲಿ ನುಡಿಸಿದ್ದು ‘ಲಾಸ್ಟ್ ಡೇಟ್’ ಅಂತ ಆಲ್ಬಮ್ ಆಯ್ತು. ಅದರ ಕೊನೆಯಲ್ಲಿ ಡಾಲ್ಫಿಯ ಮಾತಿನ ದನಿ ಇದೆ, ಒಂದು ಸಂದರ್ಶನದಿಂದ ತೆಗೆದದ್ದು. ಸಂಗೀತ ಮುಗಿದ ಮೇಲೆ ಅದು ಗಾಳಿಗೆ ಹೋಯ್ತು, ಮತ್ತೆ ಹಿಡಿಯೋಕೆ ಆಗಲ್ಲ ಅನ್ನೋ ಅರ್ಥದ ಮಾತು. ಈ ಮಾತನ್ನ ನಾವು ಕೇಳೋದೇ ರೆಕಾರ್ಡಿನಲ್ಲಿ.

ಅಜ್ಜ ಕಳೆದ ವರ್ಷ ಹೋದ್ರು. ಸಂಘದವರು ಬಂದಿದ್ರು. ‘ನಿಮ್ಮ ಅಜ್ಜನ ವಿಭೀಷಣ ಒಂದು ಸಲ ಹೀಗೆ ಹೇಳಿದ್ದ’ ಅಂತ ಒಬ್ಬೊಬ್ಬರು ಒಂದೊಂದು ನೆನಪಿಸಿಕೊಂಡ್ರು. ರೆಕಾರ್ಡ್ ಏನಾದ್ರೂ ಉಂಟಾ ಅಂತ ನನ್ನನ್ನೇ ಕೇಳಿದ್ರು, ನಾನು ಇದೇ ಕೆಲಸದವಳು ಅಂತ ಅವರಿಗೆ ಗೊತ್ತು. ಇರಲಿಲ್ಲ. ನಲವತ್ತು ವರ್ಷ ಅರ್ಥ ಹೇಳಿದ ಮನುಷ್ಯನ ಒಂದೇ ಒಂದು ಅರ್ಥವೂ ಎಲ್ಲೂ ಇಲ್ಲ. ಇರೋದು ಆ ಜಗಲಿಯ ವಿಡಿಯೋ, ನಾನು ಕೊನೆಗೆ ಹಾಕದೇ ಬಿಟ್ಟ ರೀಲು.

ಅದರ ದನಿಯನ್ನ ಈ ಕಂತಿಗೆ ಅಂತ ತೆಗೆದೆ. ಹಂಚಿನ ಮೇಲೆ ಮಳೆ ಜೋರಾಗಿ ಬೀಳ್ತಿದೆ. ನಾನು ಎಂದಿನ ಅಭ್ಯಾಸದಲ್ಲಿ ಸಾಫ್ಟ್‌ವೇರಿಗೆ ಹಾಕಿ ಮಳೆ ಸದ್ದು ಕ್ಲೀನ್ ಮಾಡಿದೆ. ಮಳೆ ಹೋಯ್ತು, ಅದರ ಜೊತೆ ಅಜ್ಜನ ದನಿಯ ಕೆಳಗಿನ ಭಾರವೂ ಹೋಗಿ ಯಾರೋ ಫೋನಿನಲ್ಲಿ ಮಾತಾಡಿದ ಹಾಗೆ ಕೇಳಿಸ್ತು. ಅದನ್ನ ಅಳಿಸಿ ಮೊದಲಿನದ್ದನ್ನೇ ಇಟ್ಟುಕೊಂಡೆ. 48 ಸೆಕೆಂಡ್ ಇದೆ. ಮೊದಲು ಕೇಳೋ ನಗು ನನ್ನದು. ‘ಎದುರಿನವ ಎಲ್ಲಿ’ ಅನ್ನೋದು ಅವರದು. ಹಿಂದೆ ಇಯರ್‌ಫೋನಿನಿಂದ ಸೋರಿ ಬರೋ ಸಣ್ಣ ಕಿರ್‌ಕಿರ್ ಇದೆಯಲ್ಲ, ಅದು ಡಾಲ್ಫಿ. ಹಾಕ್ತಿದ್ದೀನಿ, ಕೇಳಿ.